ಬದಲಾವಣೆಯನ್ನಷ್ಟೇ ಕಾಣುವ ಕಣ್ಣು

2023ರ ಆಗಸ್ಟ್ 27ರಂದು ಚಂದ್ರನ ಮೇಲೆ ಓಡಾಡುತ್ತಿದ್ದ ಪ್ರಜ್ಞಾನ್ ರೋವರಿಗೆ ದಾರಿಯಲ್ಲಿ ಒಂದು ಕುಳಿ ಅಡ್ಡ ಬಂತು. ಕುಳಿಯ ಅಗಲ 4 ಮೀಟರ್. ರೋವರ್ ನಿಂತ ಜಾಗದಿಂದ 3 ಮೀಟರ್ ಮುಂದಿತ್ತು. ಬಂದ ದಾರಿಗೇ ವಾಪಸಾಗು ಎಂಬ ಆದೇಶ ಭೂಮಿಯಿಂದ ಹೋಯಿತು. ರೋವರ್ ಪಕ್ಕದ ಬೇರೊಂದು ದಾರಿ ಹಿಡಿಯಿತು.

ಆ ಆದೇಶ ಹೊರಟಿದ್ದು ಬೆಂಗಳೂರಿನ ಪೀಣ್ಯದಿಂದ. ತುಮಕೂರು ರಸ್ತೆಯ ಮೆಟ್ರೊ ಕಂಬಗಳಿಂದ ಒಳಕ್ಕೆ, ಗೇರ್ ಕೊರೆಯುವ, ತಗಡು ಬಗ್ಗಿಸುವ, ಪೌಡರ್ ಕೋಟಿಂಗ್ ಮಾಡುವ ಶೆಡ್ಡುಗಳಿರುವ ಕೈಗಾರಿಕಾ ಪ್ರದೇಶದಲ್ಲೇ ಇಸ್ರೋದ ಇಸ್ಟ್ರಾಕ್ ಕೇಂದ್ರ ಇದೆ. ಈ ರೋವರನ್ನು ಹೊತ್ತ ಚಂದ್ರಯಾನ-3ರ ಲ್ಯಾಂಡರ್ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಇಳಿದಾಗ ಟೀವಿಯಲ್ಲಿ ದೇಶ ನೋಡಿದ ಚಪ್ಪಾಳೆಯೆಲ್ಲ ಅಲ್ಲಿಯದೇ. ಕುಳಿಯನ್ನು ಕಂಡ ನ್ಯಾವ್‌ಕ್ಯಾಮ್‌ಗಳನ್ನು, ಅಂದರೆ ರೋವರಿನ ಎರಡು ಕಣ್ಣುಗಳನ್ನು ತಯಾರಿಸಿದ ಲಿಯೋಸ್ ಪ್ರಯೋಗಾಲಯವೂ ಪೀಣ್ಯದ್ದೇ. ಅದು ಇಸ್ರೋದ ದ್ಯುತಿ ಉಪಕರಣಗಳ ಮನೆ. ಉಪಗ್ರಹಗಳಿಗೆ ನಕ್ಷತ್ರ ನೋಡಿ ದಿಕ್ಕು ಹೇಳುವ ಸಂವೇದಕಗಳನ್ನೂ ಮಾಡುತ್ತದೆ. ಕಣ್ಣೂ ಪೀಣ್ಯದ್ದು, ಬುದ್ಧಿಯೂ ಪೀಣ್ಯದ್ದು, ಚಕ್ರವಷ್ಟೇ ಚಂದ್ರನ ಮೇಲೆ. ಈ ಊರಿಗೆ ಬಾಹ್ಯಾಕಾಶದ ಕೆಲಸ ಹೊಸತೂ ಅಲ್ಲ. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರ ಮುಂದಾಳತ್ವದಲ್ಲಿ ದೇಶದ ಮೊದಲ ಉಪಗ್ರಹ ಆರ್ಯಭಟ ರೂಪುಗೊಂಡಿದ್ದು 1970ರ ದಶಕದಲ್ಲಿ ಇಲ್ಲಿಯ ಆಸ್ಬೆಸ್ಟಾಸ್ ಛಾವಣಿಯ ಶೆಡ್ಡುಗಳಲ್ಲಿ.

ರೋವರ್ ದಾರಿ ಹುಡುಕಿದ ಬಗೆ ಕುತೂಹಲದ್ದು. ನಿಂತಲ್ಲಿಂದ ಎರಡು ಕ್ಯಾಮೆರಾಗಳೂ ಒಂದೊಂದು ಚಿತ್ರ ತೆಗೆಯುತ್ತವೆ. ಚಿತ್ರಗಳು ಪೀಣ್ಯಕ್ಕೆ ಬರುತ್ತವೆ. ಎಡಗಣ್ಣಿನ ಚಿತ್ರಕ್ಕೂ ಬಲಗಣ್ಣಿನ ಚಿತ್ರಕ್ಕೂ ಇರುವ ವ್ಯತ್ಯಾಸದಿಂದ ಮುಂದಿನ ನೆಲದ ಉಬ್ಬುತಗ್ಗುಗಳ ನಕ್ಷೆಯನ್ನು ಇಲ್ಲಿ ತಯಾರಿಸುತ್ತಾರೆ. ಆ ನಕ್ಷೆ 5 ಮೀಟರ್ ಆಚೆಗೆ ನಂಬಿಕೆಗೆ ಅರ್ಹವಲ್ಲ. ಹಾಗಾಗಿ ಒಂದು ಸಲಕ್ಕೆ ಹೆಚ್ಚೆಂದರೆ 5 ಮೀಟರ್ ನಡಿಗೆ, ಮತ್ತೆ ನಿಲುಗಡೆ, ಮತ್ತೆ ಚಿತ್ರ, ಮತ್ತೆ ಚರ್ಚೆ. 26 ಕೆ.ಜಿ. ತೂಕದ ಈ ಆರು ಗಾಲಿಯ ಗಾಡಿಯ ವೇಗ ಸೆಕೆಂಡಿಗೆ 1 ಸೆಂಟಿಮೀಟರ್. ಕುಳಿಯವರೆಗಿನ 3 ಮೀಟರ್ ಕ್ರಮಿಸಲು ಅದಕ್ಕೆ 5 ನಿಮಿಷ ಬೇಕು. ಸೆಪ್ಟೆಂಬರ್ 2ರ ವೇಳೆಗೆ ಅದು ನೂರು ಮೀಟರ್ ದಾಟಿತ್ತು.

ಇಂಥ ಆಮೆನಡೆಗೆ ಚಿತ್ರ ತೆಗೆಯುವ ಮಾಮೂಲಿ ಕ್ಯಾಮೆರಾ ಸಾಕು, ಸಾಕಷ್ಟೇ ಅಲ್ಲ, ಅದೇ ಸರಿ. ಕಣ್ಣನ್ನು ಕಾಲಿಗೆ ತಕ್ಕಂತೆ ಆರಿಸಬೇಕು ಎನ್ನುವುದು ಈ ಅಧ್ಯಾಯದುದ್ದಕ್ಕೂ ನನ್ನ ವಾದ. ಕಾಲು ಚುರುಕಾದಾಗ ಏನಾಗುತ್ತದೆ ಎಂಬುದನ್ನು ನೋಡಲು ಇನ್ನೊಂದು ಗ್ರಹಕ್ಕೆ ಹೋಗೋಣ.

ಮಂಗಳನ ಮೇಲೆ ನಾಸಾದ ಪುಟ್ಟ ಹೆಲಿಕಾಪ್ಟರ್ ಇಂಜೆನ್ಯುಯಿಟಿ 2021ರ ಮೇ 22ರಂದು ತನ್ನ ಆರನೆಯ ಹಾರಾಟ ನಡೆಸಿತು. ಅದರ ಹೊಟ್ಟೆಯಡಿ ನೆಲ ನೋಡುವ ಕಪ್ಪುಬಿಳುಪು ಕ್ಯಾಮೆರಾ ಇತ್ತು. ಸೆಕೆಂಡಿಗೆ 30 ಚಿತ್ರ ತೆಗೆದು, ಚಿತ್ರದಿಂದ ಚಿತ್ರಕ್ಕೆ ನೆಲದ ಕಲ್ಲುಗಳು ಎಷ್ಟು ಸರಿದವು ಎಂದು ಲೆಕ್ಕ ಹಾಕಿ ಅದು ತನ್ನ ವೇಗವನ್ನು ತಿಳಿದುಕೊಳ್ಳುತ್ತಿತ್ತು. ಹಾರಾಟ ಶುರುವಾಗಿ ಸುಮಾರು 54 ಸೆಕೆಂಡಿಗೆ ಒಂದೇ ಒಂದು ಚಿತ್ರ ಎಲ್ಲೋ ಕಳೆದುಹೋಯಿತು. ಚಿತ್ರ ಕಳೆದದ್ದು ದೊಡ್ಡ ನಷ್ಟವೇನಲ್ಲ. ಆದರೆ ಅದರ ನಂತರದ ಪ್ರತಿ ಚಿತ್ರದ ಮೇಲೂ ತಪ್ಪು ಸಮಯದ ಮುದ್ರೆ ಬಿತ್ತು. ಕಲ್ಲು ಇಲ್ಲಿರಬೇಕಿತ್ತು, ಅಲ್ಲಿದೆ. ಹಾಗಾದರೆ ನಾನು ತಪ್ಪು ವೇಗದಲ್ಲಿದ್ದೇನೆ ಎಂದು ಯಂತ್ರ ತನ್ನನ್ನು ತಾನೇ ತಿದ್ದಿಕೊಳ್ಳಲು ಹೋಗಿ 20 ಡಿಗ್ರಿಗೂ ಹೆಚ್ಚು ಆಚೀಚೆ ವಾಲಾಡಿತು. ಇಳಿಯುವ ಹೊತ್ತಿಗೆ ಕ್ಯಾಮೆರಾದ ಮಾತು ಕೇಳುವುದನ್ನು ನಿಲ್ಲಿಸುವಂತೆ ಎಂಜಿನಿಯರರು ಮೊದಲೇ ಬರೆದಿಟ್ಟಿದ್ದರಿಂದ ಬಚಾವಾಯಿತು.

ಸೆಕೆಂಡಿಗೆ 30 ಚಿತ್ರ ಎಂದರೆ ಎರಡು ಚಿತ್ರಗಳ ನಡುವೆ 33 ಮಿಲಿಸೆಕೆಂಡ್ ಅಂತರ. ಸೆಕೆಂಡಿಗೆ 10 ಮೀಟರ್ ಹಾರುವ ಡ್ರೋನ್ ಅಷ್ಟರಲ್ಲಿ 33 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಆ 33 ಸೆಂಟಿಮೀಟರ್ ಉದ್ದಕ್ಕೂ ಅದು ಕುರುಡು. ಬೆಳಕು ಕಡಿಮೆಯಿದ್ದರೆ ಕ್ಯಾಮೆರಾ ತನ್ನ ಪರದೆಯನ್ನು, ಹತ್ತು ಮಿಲಿಸೆಕೆಂಡ್ ಎನ್ನಿ, ತೆರೆದಿಟ್ಟುಕೊಳ್ಳಬೇಕು. ಅಷ್ಟರಲ್ಲಿ ಡ್ರೋನ್ 10 ಸೆಂಟಿಮೀಟರ್ ಸರಿದು, ಎದುರಿನ ತಂತಿಯೋ ಕೊಂಬೆಯೋ ಬರೀ ಮಸುಕಾಗಿ ಕಾಣುತ್ತದೆ. ಹಾಗಾದರೆ ಸೆಕೆಂಡಿಗೆ ಸಾವಿರ ಚಿತ್ರ ತೆಗೆಯೋಣವೇ? 1280 ಅಡ್ಡ, 720 ಉದ್ದದ ಸಾಧಾರಣ ಕಪ್ಪುಬಿಳುಪು ಚಿತ್ರಕ್ಕೇ ಸೆಕೆಂಡಿಗೆ 92 ಕೋಟಿ ಬೈಟ್ ಬಂದು ಬೀಳುತ್ತದೆ. ಅದನ್ನು ಅರಗಿಸುವ ಕಂಪ್ಯೂಟರನ್ನು ಹೊತ್ತುಕೊಂಡು ಡ್ರೋನ್ ಹಾರಲಾರದು. ಹಾರಿದರೂ ಬ್ಯಾಟರಿ ಉಳಿಯದು.

ವಿಷಯ ಏನೆಂದರೆ, ಆ 92 ಕೋಟಿಯಲ್ಲಿ ಹೆಚ್ಚಿನದು ಹಳಸಲು. ಗೋಡೆ ಒಂದು ಮಿಲಿಸೆಕೆಂಡ್ ಹಿಂದೆಯೂ ಬೆಳ್ಳಗಿತ್ತು, ಈಗಲೂ ಬೆಳ್ಳಗಿದೆ, ಮುಂದಿನ ಮಿಲಿಸೆಕೆಂಡಿನಲ್ಲೂ ಬೆಳ್ಳಗಿರುತ್ತದೆ. ನಮ್ಮ ಕ್ಯಾಮೆರಾಗಳು ನಿಮಿಷಕ್ಕೊಮ್ಮೆ ಇಡೀ ಕ್ಲಾಸಿನ ಹಾಜರಿ ಕೂಗುವ ಮೇಷ್ಟ್ರ ಹಾಗೆ: ಯಾರೂ ಎದ್ದು ಹೋಗಿಲ್ಲದಿದ್ದರೂ ಒಂದನೇ ನಂಬರಿನಿಂದ ಮತ್ತೆ ಶುರು. ಅವು ಹೀಗಿರಲು ಕಾರಣ ಇದೆ. ಚಿತ್ರದ ಮೇಲೆ ಚಿತ್ರ ಓಡಿಸಿ ಚಲನೆಯ ಭ್ರಮೆ ಹುಟ್ಟಿಸುವ ವಿದ್ಯೆ ಸಿನಿಮಾದ್ದು, ಅದು ಮನುಷ್ಯರು ಕೂತು ನೋಡಲೆಂದು ಹುಟ್ಟಿದ್ದು. ಅದೇ ಯಂತ್ರವನ್ನು ರೋಬಾಟಿನ ಹಣೆಗೆ ಅಂಟಿಸಿದೆವು. ರೋಬಾಟಿಗೆ ಸಿನಿಮಾ ನೋಡುವ ಚಟವಿಲ್ಲ. ಅದಕ್ಕೆ ಬೇಕಾದದ್ದು, ಎಲ್ಲಿ ಏನು ಬದಲಾಯಿತು, ಯಾವಾಗ ಬದಲಾಯಿತು ಎಂಬ ಸುದ್ದಿ.

ನಮ್ಮ ಕಣ್ಣಿನ ರೆಟಿನಾ ಈ ಸುದ್ದಿಯ ಕೆಲಸವನ್ನು ಬಲ್ಲದು. ಅಲ್ಲಿ ಬೆಳಕು ಹಿಡಿಯುವ ಕೋಶಗಳು ಹತ್ತು ಕೋಟಿಗೂ ಹೆಚ್ಚು, ಮಿದುಳಿಗೆ ಹೋಗುವ ನರತಂತುಗಳು ಸುಮಾರು ಹತ್ತು ಲಕ್ಷ. ಹತ್ತು ಕೋಟಿಯ ಮಾತನ್ನು ಹತ್ತು ಲಕ್ಷ ತಂತಿಗಳಲ್ಲಿ ಕಳಿಸಬೇಕಾದರೆ ರೆಟಿನಾ ಅಲ್ಲೇ ಸೋಸುವುದು ಅನಿವಾರ್ಯ. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಕಾರ್ವರ್ ಮೀಡ್ ಅವರ ಬಳಿ ಸಂಶೋಧನೆಗೆ ಸೇರಿದ್ದ ಮಿಶಾ ಮಾಹೊವಾಲ್ಡ್ ಎಂಬ ಯುವತಿ, ಜೀವಶಾಸ್ತ್ರ ಓದಿ ಬಂದವರು, ಈ ಸೋಸುವಿಕೆಯನ್ನು ಸಿಲಿಕಾನಿನ ಮೇಲೆ ಕೊರೆದರು. 1991ರ ಮೇ ತಿಂಗಳ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಅವರ ಸಿಲಿಕಾನ್ ರೆಟಿನಾದ ಲೇಖನ ಬಂತು. ಮಾಹೊವಾಲ್ಡ್ 1996ರಲ್ಲಿ, ಮೂವತ್ತರ ಆಸುಪಾಸಿನ ವಯಸ್ಸಿನಲ್ಲೇ ತೀರಿಕೊಂಡರು. ಅವರು ಬಿತ್ತಿದ್ದು ಜ್ಯೂರಿಕ್‌ನಲ್ಲಿ ಫಲ ಕೊಟ್ಟಿತು. ಅಲ್ಲಿಯ ಕೆಲಸದ ಫಲವಾಗಿ ಪ್ಯಾಟ್ರಿಕ್ ಲಿಕ್ಟ್‌ಸ್ಟೈನರ್, ಕ್ರಿಸ್ಟೋಫ್ ಪಾಶ್, ಟೋಬಿ ಡೆಲ್‌ಬ್ರುಕ್ 2008ರಲ್ಲಿ ಪ್ರಕಟಿಸಿದ 128ಕ್ಕೆ 128 ಪಿಕ್ಸೆಲ್‌ನ ಸಂವೇದಕವೇ ಬದಲಾವಣೆಯ ಸುದ್ದಿಯನ್ನಷ್ಟೇ ಕೊಡುವ ಇವತ್ತಿನ ‘ಈವೆಂಟ್ ಕ್ಯಾಮೆರಾ’ಗಳ ಅಜ್ಜ. 2021ರಲ್ಲಿ ಸೋನಿ, ಪ್ಯಾರಿಸ್ಸಿನ ಪ್ರೊಫೆಸಿ ಕಂಪನಿಯ ಜೊತೆ ಸೇರಿ 1280ಕ್ಕೆ 720 ಪಿಕ್ಸೆಲ್‌ನದನ್ನು ಮಾರುಕಟ್ಟೆಗೆ ತಂದಿತು.

ಅದರ ಒಂದೇ ಒಂದು ಪಿಕ್ಸೆಲ್‌ನೊಳಗೆ ಇಣುಕೋಣ. ಮಾಮೂಲಿ ಕ್ಯಾಮೆರಾದ ಪಿಕ್ಸೆಲ್ ಬೆಳಕನ್ನು ತುಂಬಿಸಿಕೊಳ್ಳುವ ಬಾವಿ. ನಿಗದಿತ ಹೊತ್ತಿಗೆ ಎಷ್ಟು ತುಂಬಿತು ಎಂದು ಅಳೆದು, ಖಾಲಿ ಮಾಡಿ ಮತ್ತೆ ತುಂಬಲು ಬಿಡುತ್ತಾರೆ. ಈವೆಂಟ್ ಪಿಕ್ಸೆಲ್‌ನಲ್ಲಿ ಬಾವಿಯೂ ಇಲ್ಲ, ನಿಗದಿತ ಹೊತ್ತೂ ಇಲ್ಲ. ಬೆಳಕು ಬಿದ್ದಾಗ ಹರಿಯುವ ವಿದ್ಯುತ್ತನ್ನು ಒಂದು ಸರ್ಕ್ಯೂಟು ಲಾಗರಿದಮ್‌ಗೆ ತಿರುಗಿಸುತ್ತದೆ. ಎರಡನೆಯದು, ಕಳೆದ ಸಲ ತಾನು ಸುದ್ದಿ ಕಳಿಸಿದಾಗ ಇದ್ದ ಬೆಲೆಯನ್ನು ನೆನಪಿಟ್ಟುಕೊಂಡು ಈಗಿನ ಬೆಲೆಯಿಂದ ಕಳೆಯುತ್ತಿರುತ್ತದೆ. ಮೂರನೆಯದು ಆ ವ್ಯತ್ಯಾಸ ಮಿತಿ ದಾಟಿತೇ ಎಂದು ಕಾಯುತ್ತಿರುತ್ತದೆ. ದಾಟಿದ ಕ್ಷಣವೇ ಪಿಕ್ಸೆಲ್ ನಾಲ್ಕು ಸಂಗತಿ ಹೊರಹಾಕುತ್ತದೆ: ನಾನು ಎಷ್ಟನೆಯ ಅಡ್ಡಸಾಲಿನವನು, ಎಷ್ಟನೆಯ ಉದ್ದಸಾಲಿನವನು, ಸಮಯ ಮೈಕ್ರೊಸೆಕೆಂಡಿನ ಲೆಕ್ಕದಲ್ಲಿ ಎಷ್ಟು, ಬೆಳಕು ಏರಿತೋ ಇಳಿಯಿತೋ. ಹೇಳಿದ ಮೇಲೆ ಹೊಸ ಬೆಲೆಯನ್ನು ನೆನಪಿಗೆ ಹಾಕಿಕೊಂಡು ಸುಮ್ಮನಾಗುತ್ತದೆ. ಪಕ್ಕದ ಪಿಕ್ಸೆಲ್ ಏನು ಮಾಡುತ್ತಿದೆ ಎಂಬುದು ಇದಕ್ಕೆ ಬೇಕಿಲ್ಲ. ಮಿತಿಯನ್ನು ಸಾಮಾನ್ಯವಾಗಿ ಶೇ 10ರಿಂದ 50ರ ನಡುವೆ ಎಲ್ಲಿಗೆ ಬೇಕಾದರೂ ಹೊಂದಿಸಿಕೊಳ್ಳಬಹುದು.

ಲಾಗರಿದಮ್ ಯಾಕೆ ಎನ್ನುವಿರಾದರೆ, ಅನುಪಾತಕ್ಕಾಗಿ. ಶೆಡ್ಡಿನ ಒಳಗೆ ಬೆಳಕು 400ರಿಂದ 300ಕ್ಕೆ ಇಳಿದರೂ, ಹೊರಗೆ ಮಟಮಟ ಮಧ್ಯಾಹ್ನದಲ್ಲಿ 40,000ದಿಂದ 30,000ಕ್ಕೆ ಇಳಿದರೂ ಇಳಿದದ್ದು ನಾಲ್ಕನೆಯ ಒಂದು ಭಾಗವೇ. ಪಿಕ್ಸೆಲ್ ಎರಡನ್ನೂ ಒಂದೇ ಎಂದು ಕಾಣುತ್ತದೆ. ಹೀಗಾಗಿ ರೋಲಿಂಗ್ ಶಟರ್ ಎತ್ತಿದ ಶೆಡ್ಡಿನಿಂದ ಬಿಸಿಲಿಗೆ ಹೊರಬರುವ ಗಾಡಿಗೆ ಕಣ್ಣು ಕೋರೈಸುವ ಪ್ರಶ್ನೆ ಇಲ್ಲ. ಒಂದೇ ನೋಟದಲ್ಲಿ ಮಾಮೂಲಿ ಕ್ಯಾಮೆರಾ ನಿಭಾಯಿಸುವ ಕತ್ತಲೆ ಬೆಳಕಿನ ಅಂತರ ಒಂದಕ್ಕೆ ಸಾವಿರದ ಲೆಕ್ಕದಲ್ಲಿದ್ದರೆ, 2008ರ ಆ ಹಳೆಯ ಚಿಪ್ಪೇ ಒಂದಕ್ಕೆ ಹತ್ತು ಲಕ್ಷ ನಿಭಾಯಿಸಿತ್ತು.

ಈಗ ಪೀಣ್ಯದ ಒಂದು ಲೇತಿನ ಮುಂದೆ ಇದನ್ನು ನಿಲ್ಲಿಸಿ ನೋಡೋಣ. ಹಳೆಯ ಟರ್ನರುಗಳಿಗೆ ಗೊತ್ತಿರುವ ಒಂದು ಅಪಾಯ ಇದೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಅತ್ತ ಹೋಗಿ ಇತ್ತ ಬರುತ್ತದೆ. ಹಳೆ ಚೋಕಿನ ಟ್ಯೂಬ್‌ಲೈಟ್ ಎರಡೂ ದಿಕ್ಕಿಗೆ ಒಂದೊಂದರಂತೆ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕೊರೆಯುವ ತುಂಡನ್ನು ಕಚ್ಚಿ ಹಿಡಿಯುವ ಮೂರು ಜಾ (ದವಡೆ) ಇರುವ ಚಕ್ 2000 ಆರ್‌ಪಿಎಂನಲ್ಲಿ ತಿರುಗಿದರೆ ಸೆಕೆಂಡಿಗೆ 33 ಚಿಲ್ಲರೆ ಸುತ್ತು, ಅಂದರೆ ಒಂದು ಜಾಗವನ್ನು ಸೆಕೆಂಡಿಗೆ ಸರಿಯಾಗಿ 100 ಜಾಗಳು ಹಾದುಹೋಗುತ್ತವೆ. ಟ್ಯೂಬ್‌ಲೈಟ್ ಮಿಣುಕಿದಾಗಲೆಲ್ಲ ಒಂದು ಜಾ ಇದ್ದಲ್ಲಿ ಇನ್ನೊಂದು ಬಂದು ನಿಂತಿರುತ್ತದೆ. ಚಕ್ ನಿಂತೇ ಇದೆ ಎಂದು ಕಣ್ಣಿಗೆ ತೋರಬಹುದು, ಕೈ ಹೋಗಬಹುದು. ಅದಕ್ಕೇ ತಿಳಿದವರು ಲೇತಿನ ಮೇಲೆ ಬುರುಡೆ ದೀಪ ಹಾಕುತ್ತಿದ್ದರು, ಅಕ್ಕಪಕ್ಕದ ಟ್ಯೂಬ್‌ಗಳನ್ನು ಬೇರೆ ಬೇರೆ ಫೇಸಿಗೆ ಕೊಡುತ್ತಿದ್ದರು. ಸೆಕೆಂಡಿಗೆ 100 ಚಿತ್ರ ತೆಗೆಯುವ ಕ್ಯಾಮೆರಾಗೂ ಇದೇ ಮೋಸ: ಬೆಳಕು ಎಷ್ಟೇ ಸ್ಥಿರವಾಗಿದ್ದರೂ ಅದು ತೆಗೆದ ಎಲ್ಲ ಚಿತ್ರಗಳಲ್ಲೂ ಚಕ್ ನಿಂತಿರುತ್ತದೆ.

ಈವೆಂಟ್ ಕ್ಯಾಮೆರಾ ಇಲ್ಲಿ ಏನು ಕಾಣುತ್ತದೆ? ಮೊದಲು ಬೆಳಕು ಮಿಣುಕದ ಒಳ್ಳೆ ಶೆಡ್ಡನ್ನು ಊಹಿಸಿಕೊಳ್ಳಿ. ಗೋಡೆ, ಟೂಲ್ ಕಪಾಟು, ಕ್ಯಾಲೆಂಡರು ಯಾವುದೂ ಇಲ್ಲ, ಎಲ್ಲ ಖಾಲಿ. ಜಾಗಳ ಅಂಚು ಹಾದುಹೋಗುವ ಪಿಕ್ಸೆಲ್‌ಗಳು ಮಾತ್ರ ಮಾತಾಡುತ್ತವೆ. ಹೊಳೆಯುವ ಜಾ ಬಂದಾಗ ‘ಏರಿತು’, ಹೋದಾಗ ‘ಇಳಿಯಿತು’. ಸಮಯವನ್ನೇ ಮೂರನೆಯ ಅಕ್ಷವಾಗಿ ಇಟ್ಟು ಈ ಚುಕ್ಕಿಗಳನ್ನು ಗುರುತು ಹಾಕುತ್ತ ಹೋದರೆ ಮೂರು ಎಳೆಯ ಒಂದು ಸ್ಪ್ರಿಂಗ್ ಮೂಡುತ್ತದೆ. ಚಕ್ ವೇಗವಾದರೆ ಸ್ಪ್ರಿಂಗಿನ ಸುರುಳಿ ಒತ್ತಾಗುತ್ತದೆ, ನಿಧಾನವಾದರೆ ಬಿಚ್ಚಿಕೊಳ್ಳುತ್ತದೆ. ಜಾ ಒಂದು ಹಾದುಹೋಗಿ ಇನ್ನೊಂದು ಬರುವ ಹತ್ತು ಮಿಲಿಸೆಕೆಂಡಿನ ನಡುವೆ ಏನಾಯಿತು ಎಂಬುದೂ ಅಲ್ಲಿ ದಾಖಲಾಗಿರುತ್ತದೆ, ಮೋಸಕ್ಕೆ ಎಡೆಯೇ ಇಲ್ಲ.

ಈಗ ಹಳೆ ಟ್ಯೂಬ್‌ಲೈಟ್ ಹಾಕಿ. ಅಥವಾ ಅಗ್ಗದ ಎಲ್‌ಇಡಿ. ಅವುಗಳಲ್ಲೂ ಅನೇಕ ಸೆಕೆಂಡಿಗೆ 100 ಸಲ ಮಿಣುಕುವಂಥವೇ. ಕಣ್ಣಿಗೆ ಕಾಣದ ಆ ಮಿಣುಕು ಈ ಕ್ಯಾಮೆರಾಗೆ ಕಾಣುತ್ತದೆ. ಇಡೀ ಗೋಡೆ ಬೆಳಗಿತು, ಇಡೀ ಗೋಡೆ ಕಂದಿತು ಎಂದು 9 ಲಕ್ಷ ಪಿಕ್ಸೆಲ್‌ಗಳೂ ಒಟ್ಟಿಗೆ ಅರಚತೊಡಗುತ್ತವೆ. ಪ್ರತಿ ಮಿಣುಕಿಗೆ ಪ್ರತಿ ಪಿಕ್ಸೆಲ್ ಒಂದು ‘ಏರಿತು’, ಒಂದು ‘ಇಳಿಯಿತು’ ಎಂದರೂ ಸೆಕೆಂಡಿಗೆ 18 ಕೋಟಿ ಸುದ್ದಿ. ಉಳಿತಾಯ ಮಾಡಲೆಂದು ಬಂದ ಯಂತ್ರ ಪ್ರವಾಹ ತಂದಿತು. ಮದ್ದೂ ಇದೆ: ದೀಪದ ಮಿಣುಕು ಎಲ್ಲ ಪಿಕ್ಸೆಲ್‌ಗಳಿಗೂ ಒಂದೇ ತಾಳದಲ್ಲಿ ಬರುತ್ತದೆ, ಚಲಿಸುವ ಅಂಚು ಒಂದಾದ ಮೇಲೊಂದು ಪಿಕ್ಸೆಲ್ಲನ್ನು ತಟ್ಟುತ್ತ ಹೋಗುತ್ತದೆ. ಈ ವ್ಯತ್ಯಾಸ ಹಿಡಿದು ಮಿಣುಕನ್ನು ಸೋಸುವ ವ್ಯವಸ್ಥೆ ಈಗಿನ ಚಿಪ್ಪುಗಳಲ್ಲಿ ಒಳಗೇ ಬರುತ್ತದೆ. ಆದರೂ ಪ್ರಯೋಗಾಲಯದಲ್ಲಿ ಚೆಂದವಾಗಿ ಓಡಿದ್ದು ಕಾರ್ಖಾನೆಗೆ ಬಂದ ಕೂಡಲೇ ತಲೆ ತಿರುಗಿ ಬೀಳಲು ದೀಪವೇ ಮೊದಲ ಕಾರಣ ಎನ್ನುವುದನ್ನು ಈ ಕ್ಯಾಮೆರಾ ಕೊಳ್ಳುವವರು ತಿಳಿದಿದ್ದರೆ ಒಳ್ಳೆಯದು.

ಇಲ್ಲಿಯವರೆಗೆ ಕ್ಯಾಮೆರಾ ನಿಂತಿತ್ತು, ಲೋಕ ಚಲಿಸಿತು. ದಾರಿ ಹುಡುಕುವ ರೋಬಾಟಿನ ಕಥೆ ಉಲ್ಟಾ. ಲೋಕ ನಿಂತಿದೆ, ಕಣ್ಣು ಚಲಿಸುತ್ತಿದೆ. ಈ ಸಮಸ್ಯೆಗೆ ಉತ್ತರವನ್ನು ಜೇನುಹುಳುವಿನಿಂದ ಕಲಿತು ತೋರಿಸಿದವರಲ್ಲಿ ಬೆಂಗಳೂರಿನಲ್ಲಿ ಓದಿದ ಮಂಡ್ಯಂ ವೀ. ಶ್ರೀನಿವಾಸನ್ ಮುಖ್ಯರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ, ಆಮೇಲೆ ಯೇಲ್‌ನಲ್ಲಿ ಪಿಎಚ್‌ಡಿ ಮುಗಿಸಿ ಆಸ್ಟ್ರೇಲಿಯಾದಲ್ಲಿ ನೆಲೆಸಿದರು. 2006ರಲ್ಲಿ ಆ ದೇಶದ ಪ್ರಧಾನಮಂತ್ರಿ ವಿಜ್ಞಾನ ಪ್ರಶಸ್ತಿ ಪಡೆದರು. ಜೇನಿನ ಎರಡು ಕಣ್ಣುಗಳು ತೀರಾ ಹತ್ತಿರ, ಕಣ್ಣಿನ ಗುಡ್ಡೆ ಅಲುಗುವುದೂ ಇಲ್ಲ. ಹಾಗಿದ್ದೂ ಅದು ಕಿರಿದಾದ ಸಂದಿಯ ನಟ್ಟನಡುವೆ ಹಾರುವುದು ಹೇಗೆ? ಶ್ರೀನಿವಾಸನ್ ಮತ್ತು ಸಂಗಡಿಗರು ಪಟ್ಟೆ ಬಳಿದ ಗೋಡೆಗಳ ಸುರಂಗ ಕಟ್ಟಿ, ಒಂದು ಬದಿಯ ಗೋಡೆಯನ್ನು ಜೇನು ಹಾರುವ ದಿಕ್ಕಿಗೇ ಸರಿಸಿದರು. ಜೇನು ಆ ಗೋಡೆಯ ಕಡೆಗೆ ವಾಲಿತು. ಜೊತೆಯಲ್ಲೇ ಸರಿಯುವ ಗೋಡೆಯ ಪಟ್ಟೆಗಳು ನಿಧಾನವಾಗಿ ಹಿಂದೆ ಹೋಗುತ್ತವೆ. ನಿಧಾನವಾಗಿ ಸರಿಯುವುದು ದೂರ ಇರಬೇಕು ಎಂಬುದು ಜೇನಿನ ಲೆಕ್ಕ. ಎಡಕ್ಕೂ ಬಲಕ್ಕೂ ಪಟ್ಟೆಗಳು ಒಂದೇ ವೇಗದಲ್ಲಿ ಸರಿದರೆ ತಾನು ನಡುವೆ ಇದ್ದೇನೆ ಎಂದು ಅದಕ್ಕೆ ಗೊತ್ತಾಗುತ್ತದೆ. ದೂರದ ಅಳತೆಯನ್ನೂ ಅದು ಹೀಗೆಯೇ ಮಾಡುತ್ತದೆ. ಆರು ಮೀಟರ್‌ನಷ್ಟು ಉದ್ದದ, ಚಿತ್ತಾರ ತುಂಬಿದ ಇಕ್ಕಟ್ಟು ಸುರಂಗ ದಾಟಿ ಬಂದ ಜೇನುಗಳು ಗೂಡಿನಲ್ಲಿ ಕುಣಿದು ತೋರಿಸಿದ್ದು ನೂರು ಮೀಟರಿಗೂ ಎಷ್ಟೋ ಹೆಚ್ಚಿನ ದೂರವನ್ನು! ಈ ಪ್ರಯೋಗ 2000ದಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು.

ಜೇನಿನ ಈ ಲೆಕ್ಕಕ್ಕೆ ಇಡೀ ಚಿತ್ರ ಬೇಕಿಲ್ಲ, ಅಂಚುಗಳು ಸರಿಯುವ ವೇಗ ಸಾಕು. ಈವೆಂಟ್ ಕ್ಯಾಮೆರಾ ಕೊಡುವುದೂ ಅದನ್ನೇ. ಆದರೆ ಅದು ವೇಗವನ್ನು ನೇರವಾಗಿ ಹೇಳುವುದಿಲ್ಲ. ಚೆಲ್ಲಾಪಿಲ್ಲಿ ಚುಕ್ಕಿಗಳಿಂದ ವೇಗ ತೆಗೆಯಲು ಸಂಶೋಧಕರು ಬಳಸುವ ಉಪಾಯಗಳಲ್ಲಿ ಒಂದು ನನಗೆ ಬಹಳ ಇಷ್ಟ. ಹತ್ತು ಮಿಲಿಸೆಕೆಂಡಿನಲ್ಲಿ ಬಂದ ಚುಕ್ಕಿಗಳನ್ನು ಗುಡ್ಡೆ ಹಾಕಿದರೆ ಅಂಚು ಮಸುಕಾಗಿ ಕಾಣುತ್ತದೆ. ಈಗ ಒಂದು ವೇಗವನ್ನು ಸುಮ್ಮನೆ ಊಹಿಸಿ. ಆ ವೇಗದಲ್ಲಿ ಪ್ರತಿ ಚುಕ್ಕಿ ಹಿಂದೆ ಎಲ್ಲಿ ಇದ್ದಿರಬೇಕು ಎಂದು ಲೆಕ್ಕ ಹಾಕಿ, ಅದನ್ನು ಅಲ್ಲಿಗೆ ಎಳೆದು ತನ್ನಿ. ಊಹೆ ತಪ್ಪಿದ್ದರೆ ಮಸುಕು ಹಾಗೆಯೇ ಉಳಿಯುತ್ತದೆ. ಸರಿಯಿದ್ದರೆ ಚುಕ್ಕಿಗಳೆಲ್ಲ ಒಂದರ ಮೇಲೊಂದು ಕೂತು ಅಂಚು ಬ್ಲೇಡಿನಷ್ಟು ಚೂಪಾಗುತ್ತದೆ. ಚಿತ್ರ ಅತಿ ಚೂಪಾಗುವ ಊಹೆಯೇ ನಿಜವಾದ ವೇಗ. ಎದುರಿನಿಂದ ಏನಾದರೂ ಎಸೆದರೂ ಗೊತ್ತಾಗುತ್ತದೆ: ತನ್ನ ಸ್ವಂತ ಚಲನೆಯ ಲೆಕ್ಕಕ್ಕೆ ಇಡೀ ಕೋಣೆ ಚೂಪಾದರೂ ಒಂದು ಮೂಲೆ ಮಾತ್ರ ಮಸುಕಾಗಿಯೇ ಉಳಿದರೆ, ಅಲ್ಲಿ ಇರುವುದು ಬೇರೆ ದಿಕ್ಕಿಗೆ ಚಲಿಸುತ್ತಿರುವ ವಸ್ತು.

ಜ್ಯೂರಿಕ್ ವಿಶ್ವವಿದ್ಯಾಲಯದ ದಾವಿದೆ ಸ್ಕಾರಮುಝಾ ಅವರ ತಂಡ 2020ರಲ್ಲಿ ಇಂಥದೇ ತರ್ಕದಿಂದ ಡ್ರೋನನ್ನು ಎಸೆದ ಚೆಂಡಿನಿಂದ ತಪ್ಪಿಸಿಕೊಳ್ಳುವಂತೆ ಮಾಡಿತು. ಚೆಂಡನ್ನು ಗುರುತಿಸಿ ತಪ್ಪಿಸಿಕೊಳ್ಳುವ ನಿರ್ಧಾರಕ್ಕೆ ಬರಲು ತಗುಲಿದ್ದು 3.5 ಮಿಲಿಸೆಕೆಂಡ್. ಮಾಮೂಲಿ ಕ್ಯಾಮೆರಾ ಅಷ್ಟರಲ್ಲಿ ಒಂದು ಚಿತ್ರವನ್ನೂ ಮುಗಿಸಿರುವುದಿಲ್ಲ. 2024ರಲ್ಲಿ ಅದೇ ಪ್ರಯೋಗಾಲಯ ‘ನೇಚರ್’ನಲ್ಲಿ ಪ್ರಕಟಿಸಿದ ಫಲಿತಾಂಶ ರಸ್ತೆಗೆ ಸಂಬಂಧಿಸಿದ್ದು: ಸೆಕೆಂಡಿಗೆ 20 ಚಿತ್ರದ ಸಾಧಾರಣ ಕ್ಯಾಮೆರಾಗೆ ಈವೆಂಟ್ ಕ್ಯಾಮೆರಾ ಜೊತೆಗೂಡಿಸಿದರೆ, 5,000 ಚಿತ್ರದ ಕ್ಯಾಮೆರಾದಷ್ಟು ಬೇಗ ಅಡ್ಡ ಬಂದವರನ್ನು ಕಾಣಬಹುದು, ದತ್ತಾಂಶದ ಹೊರೆ ಮಾತ್ರ ಸೆಕೆಂಡಿಗೆ 45 ಚಿತ್ರದಷ್ಟೇ. ಈ ಎರಡನೆಯದು ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಈವೆಂಟ್ ಕ್ಯಾಮೆರಾ ಬಂದು ಮಾಮೂಲಿ ಕ್ಯಾಮೆರಾವನ್ನು ಮನೆಗೆ ಕಳಿಸುತ್ತದೆ ಎಂಬ ಉತ್ಸಾಹದ ಮಾತು ಇಪ್ಪತ್ತು ವರ್ಷದಿಂದ ಕೇಳಿಬರುತ್ತಿದೆ, ಕಳಿಸಿದ್ದಂತೂ ಕಂಡಿಲ್ಲ. ಎರಡೂ ಕೂಡಿ ಬಾಳುವುದೇ ಸರಿಯಾದ ದಾರಿ.

ಯಾಕೆಂದರೆ ಈವೆಂಟ್ ಕ್ಯಾಮೆರಾದ ಕುರುಡು ಸಣ್ಣದಲ್ಲ. ರೋಬಾಟು ನಿಂತಿತೋ, ಲೋಕವೇ ಮಾಯ. ಎದುರಿಗೆ ಗೋಡೆ ಇದೆಯೋ ಬಯಲಿದೆಯೋ ಹೇಳಲು ಬರುವುದಿಲ್ಲ. ಚಲಿಸುತ್ತಿದ್ದಾಗಲೂ ಅದು ಎಲ್ಲವನ್ನೂ ಕಾಣದು. ಅಡ್ಡಕ್ಕೆ ಸರಿಯುವ ಕ್ಯಾಮೆರಾದ ಮುಂದೆ ಅಡ್ಡಕ್ಕೇ ಕಟ್ಟಿದ ತಂತಿ ಇದ್ದರೆ, ಪ್ರತಿ ಪಿಕ್ಸೆಲ್‌ಗೂ ತಂತಿಯ ಒಂದು ಭಾಗ ಹೋಗಿ ಅಂಥದೇ ಇನ್ನೊಂದು ಭಾಗ ಬರುತ್ತದೆ. ಬೆಳಕು ಬದಲಾಗದು, ಸುದ್ದಿ ಹೊರಡದು. ಶ್ರೀನಿವಾಸನ್ ಅವರ ಜೇನುಗಳೂ ಈ ಗುಂಡಿಗೇ ಬಿದ್ದಿದ್ದವು. ಸುರಂಗದ ಗೋಡೆಗೆ ಹಾರುವ ದಿಕ್ಕಿನುದ್ದಕ್ಕೂ ಪಟ್ಟೆ ಎಳೆದಾಗ, ಅಷ್ಟೇ ದೂರ ಹಾರಿ ಬಂದ ಜೇನುಗಳು ದೂರ ಹೋಗಿಯೇ ಇಲ್ಲವೆಂಬಂತೆ ಹತ್ತಿರದ ಹೂವಿಗೆ ಕುಣಿಯುವ ಕುಣಿತ ಕುಣಿದವು.

ನಮ್ಮ ಕಣ್ಣು ಈ ತೊಂದರೆಯಿಂದ ಪಾರಾಗುವುದು ನಡುಗುವ ಮೂಲಕ. ಒಂದೇ ಕಡೆ ದಿಟ್ಟಿಸುವಾಗಲೂ ಕಣ್ಣಗುಡ್ಡೆ ನಮಗೆ ತಿಳಿಯದಂತೆ ಸಣ್ಣಗೆ ಅಲುಗುತ್ತಿರುತ್ತದೆ. ಉಪಕರಣದ ಸಹಾಯದಿಂದ ಚಿತ್ರವನ್ನು ರೆಟಿನಾದ ಮೇಲೆ ಕದಲದಂತೆ ನಿಲ್ಲಿಸಿದರೆ ಅದು ಕೆಲವೇ ಸೆಕೆಂಡುಗಳಲ್ಲಿ ಕರಗಿಹೋಗುತ್ತದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ತಂಡವೊಂದು 2024ರಲ್ಲಿ ಈವೆಂಟ್ ಕ್ಯಾಮೆರಾದ ಮುಂದೆ ತಿರುಗುವ ಓರೆ ಗಾಜು ಕೂರಿಸಿ ಇದೇ ನಡುಕವನ್ನು ತಂದಿತು. ಎಲ್ಲ ದಿಕ್ಕಿನ ಅಂಚುಗಳೂ ಕಾಣತೊಡಗಿದವು.

ಕಣ್ಣು ನಡುಗಬೇಕು, ಇಲ್ಲವೇ ಎದುರಿನದು ಚಲಿಸಬೇಕು. ಮೂರನೆಯ ದಾರಿ ಬೆಳಕನ್ನೇ ಬದಲಿಸುವುದು, ಅದನ್ನು ಸೊಗಸಾಗಿ ಬಳಸಿದ್ದು ಪೀಣ್ಯದಿಂದ ಹೆಚ್ಚು ದೂರವಿಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿ ನರವಿಜ್ಞಾನ ಕೇಂದ್ರದ ದೀಪಕ್ ನಾಯರ್, ಎಲೆಕ್ಟ್ರಾನಿಕ್ ವ್ಯವಸ್ಥೆಗಳ ವಿಭಾಗದ ಚೇತನ್ ಸಿಂಗ್ ಠಾಕೂರ್, ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗದ ಚಂದ್ರಶೇಖರ್ ಸೀಲಮಂತುಲ ಮತ್ತು ಸಂಗಡಿಗರು ಈವೆಂಟ್ ಕ್ಯಾಮೆರಾವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿದರು. ಅವರ ಲೇಖನ 2023ರಲ್ಲಿ ‘ನೇಚರ್ ನ್ಯಾನೊಟೆಕ್ನಾಲಜಿ’ಯಲ್ಲಿ ಬಂತು. ಅವರಿಗೆ ಬೇಕಿದ್ದದ್ದು, ಬೆಳಕಿನ ಅಲೆಯ ಸ್ವಭಾವದಿಂದಾಗಿ ಸೂಕ್ಷ್ಮದರ್ಶಕದಲ್ಲಿ ಬರೀ ಮಸುಕು ಮಚ್ಚೆಯಾಗಿ ಕಾಣುವ ಹೊಳೆಯುವ ಕಣಗಳ ಸರಿಯಾದ ಜಾಗ. ಕಣಗಳು ಅಲುಗದೆ ಕೂತಿರುವಾಗ ಈವೆಂಟ್ ಕ್ಯಾಮೆರಾಗೆ ಅವು ಇಲ್ಲದ ಹಾಗೆಯೇ. ಹಾಗಾಗಿ ಲೇಸರ್ ಬೆಳಕನ್ನು ಏರಿಸಿ ಇಳಿಸಿದರು. ಹೊಳಪು ಏರಿದಾಗ ಒಂದು ಬಗೆಯ ಚುಕ್ಕಿ, ಇಳಿದಾಗ ಇನ್ನೊಂದು ಬಗೆಯ ಚುಕ್ಕಿ. ಎರಡನ್ನೂ ಕೂಡಿಸಿ, ಯಂತ್ರಕಲಿಕೆಯ ನೆರವು ಪಡೆದು 50 ನ್ಯಾನೊಮೀಟರ್‌ಗಿಂತ ಚಿಕ್ಕ ಕಣಗಳ ಜಾಗವನ್ನು ಗುರುತಿಸಿದರು. ಶೆಡ್ಡಿನಲ್ಲಿ ಶಾಪವಾಗಿದ್ದ ಮಿಣುಕು ಇಲ್ಲಿ ಉಪಕರಣವಾಯಿತು.

ಹಾಗಾದರೆ ಪೀಣ್ಯದ ಶೆಡ್ಡುಗಳಿಗೆ ಈ ಕಣ್ಣು ಯಾವಾಗ, ಯಾವ ವೇಷದಲ್ಲಿ ಬರುತ್ತದೆ? ಸಾಮಾನು ಹೊತ್ತು ತಾನೇ ದಾರಿ ಹುಡುಕುವ ಗಾಡಿಯ ಹಣೆಯ ಮೇಲೆ ಎಂದು ಊಹಿಸುವುದು ಸುಲಭ. ನನ್ನ ಅಂದಾಜು ಬೇರೆ. ಶೆಡ್ಡಿನೊಳಗಿನ ಗಾಡಿ ನಡಿಗೆಯ ವೇಗ ದಾಟುವುದಿಲ್ಲ, ಮನುಷ್ಯರು ಎದುರಾದರೆ ನಿಲ್ಲುತ್ತದೆ, ನಿಂತಾಗಲೂ ಅದಕ್ಕೆ ಕಣ್ಣು ಕಾಣಬೇಕು. ಅದಕ್ಕೆ ಲೇಸರ್ ಸ್ಕ್ಯಾನರು ಮತ್ತು ಮಾಮೂಲಿ ಕ್ಯಾಮೆರಾ ಸಾಕು, ಬೆಲೆಯೂ ಕಡಿಮೆ. ಪ್ರಜ್ಞಾನ್‌ಗೆ ಅನ್ವಯಿಸಿದ ಲೆಕ್ಕವೇ ಇದಕ್ಕೂ. ಈವೆಂಟ್ ಕ್ಯಾಮೆರಾ ಮೊದಲು ಬರುವುದು ಯಂತ್ರದ ಎದುರು ಸ್ಟ್ಯಾಂಡಿನ ಮೇಲೆ ಕೂರುವ ಕೆಲಸಕ್ಕೆ. ಸ್ಪಿಂಡಲ್ ನಡುಗುತ್ತಿದೆಯೇ, ಬೇರಿಂಗ್ ಸವೆದಿದೆಯೇ, ವೈಬ್ರೇಟರಿನಿಂದ ಉದುರುವ ಸ್ಕ್ರೂ ಎಷ್ಟು, ಲೇಸರ್ ವೆಲ್ಡಿಂಗಿನಲ್ಲಿ ಕಿಡಿ ಯಾವ ಕಡೆ ಸಿಡಿಯಿತು ಎಂದು ನೋಡುವ ಕೆಲಸ. ಅಲ್ಲಿ ಕ್ಯಾಮೆರಾ ಅಲುಗದು, ಹಿನ್ನೆಲೆ ಮಾತಾಡದು, ಮಾತಾಡುವುದೆಲ್ಲ ಬೇಕಾದ ವಸ್ತುವೇ. ಕಂಪನ ಅಳೆಯಲು ಯಂತ್ರದ ಮೈಗೆ ಸಂವೇದಕ ಅಂಟಿಸಬೇಕಿಲ್ಲ, ದೂರದಿಂದಲೇ ಪ್ರತಿ ಪಿಕ್ಸೆಲ್ ಒಂದೊಂದು ಸಂವೇದಕದ ಕೆಲಸ ಮಾಡುತ್ತದೆ. ಈ ಬಗೆಯ ಅಳತೆಗಳನ್ನು ಕ್ಯಾಮೆರಾ ತಯಾರಕರು ಈಗಾಗಲೇ ಮಾಡಿ ತೋರಿಸುತ್ತಿದ್ದಾರೆ. ಕೊಳ್ಳುವ ಜಾಬ್‌ವರ್ಕ್ ಮಾಲೀಕರಿಗೆ ಉಳಿಯುವ ಪ್ರಶ್ನೆಗಳು ಎರಡು: ಬೆಲೆ ಎಷ್ಟು, ಮತ್ತು ಹೊರಬರುವ ಚುಕ್ಕಿಗಳ ಹೊಳೆಯನ್ನು ತಮ್ಮ ಸಿಎನ್‌ಸಿಗೆ ಅರ್ಥವಾಗುವ ಒಂದು ‘ನಿಲ್ಲಿಸು’ ಸಿಗ್ನಲ್ಲಾಗಿ ಬರೆದುಕೊಡುವ ಹುಡುಗ ಹುಡುಗಿಯರು ಎಲ್ಲಿ ಸಿಗುತ್ತಾರೆ.